ನಡುರಾತ್ರಿಯ ಗಂಟೆ: ಹಳೆಯ ಛತ್ರಗಳಲ್ಲಿ ಅತಿಥಿ ಕಂಡ ಸತ್ಕಾರ

ಇಂದು ‘ಛತ್ರ’ ಎಂದೊಡನೆ ನೆನಪಾಗುವುದು ಮದುವೆ. ಬಾಡಿಗೆ ಎಷ್ಟು, ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು, ವಾಹನ ನಿಲ್ಲಿಸಲು ಜಾಗವಿದೆಯೇ ಎಂಬುದಷ್ಟೇ ಅದರ ಬಗ್ಗೆ ಯಾರಾದರೂ ಕೇಳುವ ಪ್ರಶ್ನೆಗಳು. ಆದರೆ ರೈಲು, ಬಸ್ಸುಗಳು ಬರುವ ಮುನ್ನ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಛತ್ರವೆಂದರೆ ದಾರಿಹೋಕನ ಮನೆ. ಅಲ್ಲಿಗೆ ಬಂದವನು ಬಾಡಿಗೆ ಕೊಡುತ್ತಿರಲಿಲ್ಲ. ಮುಂಚಿತವಾಗಿ ತಿಳಿಸಿಯೂ ಬರುತ್ತಿರಲಿಲ್ಲ. ‘ಅತಿಥಿ’ ಎಂಬ ಪದಕ್ಕೆ ಹಿಂದಿನವರು ಕೊಟ್ಟ ಅರ್ಥವೇ ತಿಥಿ ಗೊತ್ತುಮಾಡದೆ ಬಂದವನು ಎಂದು.

ಛತ್ರ ಎಂಬುದು ಸಂಸ್ಕೃತದ ‘ಸತ್ರ’ದಿಂದ ಬಂದ ರೂಪ. ಮೂಲದಲ್ಲಿ ಸತ್ರವೆಂದರೆ ಬಹುಕಾಲ ನಡೆಯುವ ಯಾಗ. ಯಾಗದೊಡನೆ ಅನ್ನದಾನವೂ ನಡೆಯುತ್ತಿದ್ದುದರಿಂದ ಕ್ರಮೇಣ ಅನ್ನ ನೀಡುವ ಸ್ಥಳಕ್ಕೇ ಆ ಹೆಸರು ನಿಂತಿತು. ಕನ್ನಡ ಶಾಸನಗಳಲ್ಲಿ ಸತ್ರಕ್ಕೆ ಭೂಮಿ ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ಇಂಗ್ಲಿಷರು ಇದೇ ಕಟ್ಟಡವನ್ನು ‘ಚೌಲ್ಟ್ರಿ’ ಎಂದು ಕರೆದರು. ಆ ಪದ ಬಂದದ್ದು ಸತ್ರದಿಂದಲ್ಲ, ನಮ್ಮ ‘ಚಾವಡಿ’ಗೆ ಸಂಬಂಧಪಟ್ಟ ದ್ರಾವಿಡ ಪದದಿಂದ. ಎರಡೂ ಹೆಸರುಗಳಲ್ಲಿ ಈ ಸಂಸ್ಥೆಯ ಎರಡು ಮುಖಗಳಿವೆ. ಒಂದು ಅನ್ನ, ಇನ್ನೊಂದು ಆಸರೆ.

ಅತಿಥಿ ಸತ್ಕಾರವನ್ನು ನಾವು ಸಾಮಾನ್ಯವಾಗಿ ಒಂದು ಗುಣವೆಂದು ಭಾವಿಸುತ್ತೇವೆ. ಹಳ್ಳಿಯವರು ಒಳ್ಳೆಯವರು, ಬಂದವರನ್ನು ಕರೆದು ಉಣಬಡಿಸುತ್ತಿದ್ದರು ಎಂದು ಹೇಳಿ ಮುಗಿಸುತ್ತೇವೆ. ಆದರೆ ಛತ್ರಗಳ ಚರಿತ್ರೆಯನ್ನು ನೋಡಿದರೆ ತಿಳಿಯುವುದೇ ಬೇರೆ. ಅತಿಥಿಗೆ ಅಲ್ಲಿ ದೊರೆಯುತ್ತಿದ್ದ ಸುಖ ಯಾರೋ ಒಬ್ಬರ ಆ ಹೊತ್ತಿನ ಕರುಣೆಯಿಂದ ಬಂದದ್ದಲ್ಲ. ಅದರ ಹಿಂದೆ ಗದ್ದೆಯಿತ್ತು, ಲೆಕ್ಕವಿತ್ತು, ನಿಯಮವಿತ್ತು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸಿದ್ದೂ ಇಂಥ ಕಟ್ಟುಕಟ್ಟಳೆಗಳೇ.

ನಡೆಯುವವರ ಲೆಕ್ಕ

ಕಾಲ್ನಡಿಗೆಯ ಕಾಲದಲ್ಲಿ ಪ್ರಯಾಣಿಕನಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ನೆರಳು, ಕುಡಿಯಲು ನೀರು, ಸಂಜೆಗೆ ಅಕ್ಕಿ ಬೇಯಿಸಲು ಸೌದೆ ಮತ್ತು ಪಾತ್ರೆ, ರಾತ್ರಿ ಗಂಟನ್ನು ತಲೆದಿಂಬು ಮಾಡಿಕೊಂಡು ಕಳ್ಳರ ಭಯವಿಲ್ಲದೆ ಮಲಗಲು ಒಂದು ಜಗಲಿ. ಗಾಡಿಯಿದ್ದರೆ ಎತ್ತುಗಳಿಗೆ ಹುಲ್ಲು. ಈ ಅಗತ್ಯಗಳೇ ಛತ್ರದ ಕಟ್ಟಡವನ್ನು ರೂಪಿಸಿದವು. ಎದುರಿಗೆ ಕಂಬಸಾಲಿನ ಉದ್ದನೆಯ ಜಗಲಿ, ಒಳಗೆ ತೊಟ್ಟಿಯಂಗಳ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಬಾವಿ ಅಥವಾ ಕೊಳ. ಒಂದು ಛತ್ರಕ್ಕೂ ಇನ್ನೊಂದಕ್ಕೂ ಇರುವ ಅಂತರ ಹಲವು ದಾರಿಗಳಲ್ಲಿ ಒಂದು ದಿನದ ಅಥವಾ ಅರ್ಧ ದಿನದ ನಡಿಗೆಯಷ್ಟಿರುತ್ತಿತ್ತು.

ಎಲ್ಲ ದಾರಿಯಲ್ಲೂ ಇಷ್ಟೊಂದು ಅನುಕೂಲವಿರಲಿಲ್ಲ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ ಎಂಬ ತೆಲುಗರು 1830ರಲ್ಲಿ ಪರಿವಾರದೊಡನೆ ಕಾಶಿಗೆ ಹೊರಟು, 1831ರಲ್ಲಿ ಹಿಂದಿರುಗಿದರು. ದಾರಿಯುದ್ದಕ್ಕೂ ಅವರು ಬರೆದ ವೃತ್ತಾಂತ ‘ಕಾಶೀಯಾತ್ರಾ ಚರಿತ್ರ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ತಂಗಿದ ಊರು ಎಷ್ಟು ದೊಡ್ಡದು, ಅಂಗಡಿ ಇದೆಯೇ, ನೀರು ಕೆರೆಯದೋ ಬಾವಿಯದೋ, ಇಳಿದುಕೊಳ್ಳಲು ಛತ್ರವಿದೆಯೇ ಅಥವಾ ಗುಡಾರ ಹಾಕಬೇಕೇ ಎಂಬುದೇ ಅವರ ಮೊದಲ ಗಮನ. ದೇವರ ದರ್ಶನಕ್ಕೆ ಹೊರಟವರ ಬರಹದಲ್ಲಿ ಬಾವಿಗೂ ಅಕ್ಕಿಗೂ ಇಷ್ಟು ಜಾಗ ಸಿಕ್ಕಿದ್ದು ಆಶ್ಚರ್ಯವೇನಲ್ಲ. ಮರುದಿನ ನಡೆಯಲು ಸಾಧ್ಯವೇ ಇಲ್ಲವೇ ಎಂಬುದು ಅವುಗಳ ಮೇಲೆಯೇ ನಿಂತಿತ್ತು.

ಛತ್ರವಿಲ್ಲದ ಊರಿನಲ್ಲಿ ಆ ಕೆಲಸವನ್ನು ದೇವಸ್ಥಾನದ ಮೊಗಸಾಲೆ, ಮಠ ಅಥವಾ ಊರ ಚಾವಡಿ ಮಾಡುತ್ತಿದ್ದವು. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಬಂದವನು. ದಾರಿಯ ಹಳ್ಳಿಗಳಲ್ಲಿ ಆ ತಂಡಕ್ಕೆ ದೇವಸ್ಥಾನದ ಮೊಗಸಾಲೆಯೇ ಬಿಡಾರವಾಗುತ್ತಿತ್ತು. ಒಂದು ಊರಿನಲ್ಲಿ ಹೊರೆಗಳನ್ನು ಸಜ್ಜುಗೊಳಿಸುತ್ತಿದ್ದಾಗ ಅದೇ ಮೊಗಸಾಲೆಯಲ್ಲಿ ಕೆಲವು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬ ರಾಗವಾಗಿ ಹೇಳುತ್ತ ಬೆರಳಿನಿಂದ ಬರೆದರೆ ಉಳಿದವರೂ ಹಾಗೆಯೇ ಹೇಳಿ ಬರೆಯುತ್ತಿದ್ದರು. ಗುರುಗಳು ಅಲ್ಲಿರಲಿಲ್ಲ. ಕಾಗದ, ಮಸಿಗಳ ಖರ್ಚೂ ಇರಲಿಲ್ಲ. ಈ ಕ್ರಮವನ್ನು ಅವನು ಮೆಚ್ಚಿ ಬರೆದಿದ್ದಾನೆ. ಸಗಣಿ ಸಾರಿಸಿದ ನೆಲದ ನುಣುಪೂ ಅವನಿಗೆ ಹಿಡಿಸಿತು.

ಈ ವಿವರ ಬಾಲ್ಯದ ಮಗ್ಗಿಪಾಠಕ್ಕೆ ಸಂಬಂಧಿಸಿದ್ದಾಗಿ ಕಂಡರೂ ಹಳ್ಳಿಯ ತಂಗುದಾಣದ ಸ್ವರೂಪವನ್ನೂ ತಿಳಿಸುತ್ತದೆ. ಅದು ಅತಿಥಿಗೆಂದೇ ಮೀಸಲಾದ ಜಾಗವಲ್ಲ. ಊರಿನ ಬದುಕು ನಡೆಯುವ ಜಾಗದಲ್ಲೇ ಪರಸ್ಥಳದವನಿಗೂ ಒಂದು ಮೂಲೆ ಇತ್ತು. ಹುಡುಗರು ಪಾಠ ಒಪ್ಪಿಸುವಲ್ಲೇ ಅವನ ಗಂಟೂ ಇರುತ್ತಿತ್ತು.

ಬಳ್ಳಿಗಾವಿಯ ಪಟ್ಟಿ

ಕರ್ನಾಟಕದ ಮಟ್ಟಿಗೆ ಇಂಥ ವ್ಯವಸ್ಥೆಯ ಬಹು ವಿಸ್ತಾರವಾದ ಚಿತ್ರ ಸಿಗುವುದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಯ ಮಠವನ್ನು ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಬಣ್ಣಿಸುತ್ತದೆ. ಅದು ವೇದ, ವ್ಯಾಕರಣ, ದರ್ಶನಗಳನ್ನು ಓದಿಸುವ ಸ್ಥಾನ ಎಂದು ಹೇಳಿದ ಶಾಸನ, ಅಲ್ಲಿಗೆ ನಿಲ್ಲಿಸದೆ ಅನ್ನ ಪಡೆಯುವವರ ಪಟ್ಟಿಯನ್ನೇ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅದರಲ್ಲಿದ್ದಾರೆ. ಕತೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಇದ್ದಾರೆ. ನಾನಾ ದೇಶಗಳಿಂದ ಬರುವ ಬೇರೆ ಬೇರೆ ಪಂಥದ ಸನ್ಯಾಸಿಗಳಿದ್ದಾರೆ. ಶೈವ ಮಠದ ಈ ಪಟ್ಟಿಯಲ್ಲಿ ಕ್ಷಪಣಕರು, ಅಂದರೆ ಜೈನ ಯತಿಗಳೂ ಸೇರಿರುವುದು ಗಮನಾರ್ಹ. ರೋಗಿಗಳಿಗೆ ಅಲ್ಲಿ ಔಷಧವಿತ್ತು. ಸಕಲ ಜೀವಿಗಳಿಗೆ ಅಭಯವಿತ್ತು.

ಪಟ್ಟಿ ಮಾಡುವುದೆಂದರೆ ಹೊಣೆ ಹೊರುವುದು. ‘ಎಲ್ಲರಿಗೂ ಅನ್ನ’ ಎಂದು ಬರೆದರೆ ಯಾರನ್ನು ಬಿಟ್ಟರೂ ಕೇಳುವವರಿಲ್ಲ. ಕುರುಡರಿಗೆ, ಕಿವುಡರಿಗೆ, ಕತೆಗಾರರಿಗೆ ಎಂದು ಕಲ್ಲಿನಲ್ಲಿ ಕೊರೆಸಿದರೆ ಆ ಹೆಸರಿನವರು ಬಂದು ನಿಂತಾಗ ಇಲ್ಲವೆನ್ನುವುದು ಕಷ್ಟ. ಇಂಥ ಕಲ್ಲುಗಳಲ್ಲಿ ಖರ್ಚಿಗೆಂದು ಬಿಟ್ಟ ಭೂಮಿಯ ಎಲ್ಲೆಗಳನ್ನೂ, ಅದನ್ನು ಅಪಹರಿಸಿದವನಿಗೆ ಶಾಪವನ್ನೂ ಸೇರಿಸುತ್ತಿದ್ದುದು ಇದೇ ಕಾರಣಕ್ಕೆ. ಗದ್ದೆ ಹೋದರೆ ಅನ್ನ ಹೋಗುತ್ತದೆ ಎಂಬುದು ದಾನಿಗಳಿಗೆ ಚೆನ್ನಾಗಿ ಗೊತ್ತಿತ್ತು.

ರಾಮೇಶ್ವರದ ದಾರಿಯಲ್ಲಿ

ಛತ್ರದ ದಿನಚರಿಯನ್ನು ಅತ್ಯಂತ ಸೂಕ್ಷ್ಮವಾಗಿ ತಿಳಿಸುವ ದಾಖಲೆ ನೆರೆಯ ತಂಜಾವೂರಿನದು. ಬೆಂಗಳೂರಿನ ಜಹಗೀರು ಪಡೆದಿದ್ದ ಶಹಾಜಿಯ ಮಗ ಏಕೋಜಿ 1670ರ ದಶಕದಲ್ಲಿ ತಂಜಾವೂರನ್ನು ವಶಪಡಿಸಿಕೊಂಡು ಅಲ್ಲಿ ಮರಾಠಾ ಅರಸು ಮನೆತನವನ್ನು ನೆಲೆಗೊಳಿಸಿದ. ಆ ವಂಶದವರು ರಾಮೇಶ್ವರಕ್ಕೆ ಹೋಗುವ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು. ಕಾಶಿ-ರಾಮೇಶ್ವರ ಯಾತ್ರೆಗೆ ಹೊರಟ ಉತ್ತರದವರು, ಮರಾಠರು, ತೆಲುಗರು, ಕನ್ನಡಿಗರು ನಡೆಯುತ್ತಿದ್ದ ಸೀಮೆ ಅದು. ಹಲವು ಛತ್ರಗಳಿಗೆ ಅರಮನೆಯ ಹೆಂಗಸರ ಹೆಸರಿದೆ. ತಂಜಾವೂರಿನಿಂದ ಸುಮಾರು 20 ಕಿ.ಮೀ. ಆಚೆ, ಒಂದು ದಿನದ ನಡಿಗೆಯಲ್ಲಿ ಸಿಗುವ ಒರತ್ತನಾಡಿನ ಛತ್ರ 1802ರದು. ಎರಡನೆಯ ಸರ್ಫೋಜಿ ತನ್ನ ಪ್ರೀತಿಯ ಮುಕ್ತಾಂಬಾಳ ನೆನಪಿಗೆ ಅದನ್ನು ಕಟ್ಟಿಸಿದ.

1799ರ ಒಪ್ಪಂದದಂತೆ ಸರ್ಫೋಜಿ ರಾಜ್ಯದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟಿದ್ದ. ಛತ್ರಗಳಿಗೆ ಮೀಸಲಾದ ಗ್ರಾಮಗಳೂ ಕಂಪೆನಿಯ ಪಾಲಾದರೆ ಗತಿಯೇನು ಎಂಬ ಆತಂಕ ಅವನನ್ನು ಕಾಡಿತು. 1801ರಲ್ಲಿ ಅವನು ಕಂಪೆನಿಯ ರೆಸಿಡೆಂಟ್ ಬೆಂಜಮಿನ್ ಟೋರಿನ್‌ಗೆ ಬರೆದ ಪತ್ರದಲ್ಲಿ ಛತ್ರಗಳು ನಡೆಯುವ ಬಗೆಯನ್ನು ವಿವರಿಸಿ, ಅವುಗಳಿಗೆ ಧಕ್ಕೆ ಬಾರದಿರಲಿ ಎಂದು ಕೇಳಿಕೊಂಡ.

ಆ ಪತ್ರದ ಪ್ರಕಾರ ಬ್ರಾಹ್ಮಣರಿಂದ ಹಿಡಿದು ಅತ್ಯಂತ ಕೆಳಗಿನವರೆನಿಸಿಕೊಂಡವರವರೆಗೆ, ಜೋಗಿ, ಜಂಗಮ, ಅತೀತ, ಬೈರಾಗಿಗಳೂ ಸೇರಿದಂತೆ ಬಂದ ಯಾತ್ರಿಕರಿಗೆಲ್ಲ ಬೇಯಿಸಿದ ಅನ್ನ ಸಿಗುತ್ತಿತ್ತು. ಬೇರೆಯವರು ಬೇಯಿಸಿದ್ದನ್ನು ಉಣ್ಣದವರಿಗೆ ಅಕ್ಕಿ, ಸಂಬಾರ ಪದಾರ್ಥಗಳನ್ನು ಕೊಡಲಾಗುತ್ತಿತ್ತು. ನಮ್ಮಲ್ಲಿ ಇದನ್ನೇ ಸ್ವಯಂಪಾಕ ಎನ್ನುವುದು. ಹೀಗೆ ಹಂಚುವುದು ನಡುರಾತ್ರಿಯವರೆಗೆ ನಡೆಯುತ್ತಿತ್ತು. ನಡುರಾತ್ರಿಗೆ ಒಂದು ಗಂಟೆ ಬಾರಿಸಿ, ಇನ್ನೂ ಊಟವಾಗದವರು ಯಾರಾದರೂ ಇದ್ದರೆ ಬಂದು ತಮಗಾಗಿ ಸಿದ್ಧವಾಗಿರುವ ಅನ್ನವನ್ನು ತೆಗೆದುಕೊಳ್ಳಬೇಕೆಂದು ಕೂಗಿ ಹೇಳುತ್ತಿದ್ದರು.

ಈ ಗಂಟೆ ಯೋಚಿಸಿದಷ್ಟೂ ಅರ್ಥ ಬಿಡುವ ಸಂಗತಿ. ಹೊತ್ತಿಗೆ ಬಂದವನಿಗೆ ಅನ್ನ ಹಾಕುವುದು ಸುಲಭ. ಹೊತ್ತು ಮೀರಿ ಬಂದವನು ಸಂಕೋಚದಿಂದ ಕತ್ತಲೆಯ ಜಗಲಿಯಲ್ಲಿ ಹಸಿದೇ ಮಲಗಿಬಿಡುತ್ತಾನೆ. ಕೇಳಲು ನಾಚುವವನು ಕೇಳಬೇಕಾದ ಅಗತ್ಯವೇ ಬೀಳದಂತೆ ಆ ಗಂಟೆ ಮಾಡುತ್ತಿತ್ತು. ಅದನ್ನು ಬಾರಿಸುವ ಆಳಿಗೆ ಆ ದಿನ ಕರುಣೆ ಇರಲಿ ಇಲ್ಲದಿರಲಿ, ಗಂಟೆ ಬಾರಿಸುವುದು ಅವನ ಕೆಲಸ. ಸದ್ಗುಣವೊಂದು ಹೀಗೆ ದಿನದ ಪದ್ಧತಿಯಾಗಿತ್ತು.

ಪತ್ರದಲ್ಲಿ ಇನ್ನೂ ವಿವರಗಳಿವೆ. ಛತ್ರದಲ್ಲಿ ವೇದ ಹೇಳುವವರು, ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯ, ರೋಗಗಳಿಗೂ ವಿಷಜಂತುಗಳ ಕಡಿತಕ್ಕೂ ಔಷಧ ಬಲ್ಲ ವೈದ್ಯ ಇರುತ್ತಿದ್ದರು. ದಾರಿಯಲ್ಲಿ ಕಾಯಿಲೆ ಬಿದ್ದವರಿಗೆ ಗುಣವಾಗುವ ತನಕ ಔಷಧ, ಪಥ್ಯ ಎರಡೂ ಸಿಗುತ್ತಿದ್ದವು. ಎಳೆಯ ಕೂಸುಗಳಿಗೆ ಹಾಲು. ಗರ್ಭಿಣಿಯರಿಗೆ ವಿಶೇಷ ಆರೈಕೆ; ಛತ್ರದಲ್ಲೇ ಹೆರಿಗೆಯಾದರೆ ಖರ್ಚು ಛತ್ರದ್ದು, ಬಾಣಂತಿ ಮೂರು ತಿಂಗಳು ಅಲ್ಲೇ ಇರಬಹುದು. ಪರದೇಶಿಗಳ ಅನಾಥ ಮಕ್ಕಳನ್ನು ಉಪಾಧ್ಯಾಯರ ವಶಕ್ಕೆ ಒಪ್ಪಿಸಿ, ದಿನಕ್ಕೆ ಮೂರು ಹೊತ್ತು ಊಟ ಹಾಕಿ, ನಾಲ್ಕು ದಿನಕ್ಕೊಮ್ಮೆ ಎಣ್ಣೆ ಸ್ನಾನ ಮಾಡಿಸುತ್ತಿದ್ದರು. ಅಲ್ಲೇ ತೀರಿಕೊಂಡವರಿಗೆ ಅವರವರ ಜಾತಿ ಪದ್ಧತಿಯಂತೆ ಉತ್ತರಕ್ರಿಯೆ ನಡೆಯುತ್ತಿತ್ತು.

ಇದು ಅತಿಥೇಯನ ಬರಹ, ಅತಿಥಿಯದಲ್ಲ ಎಂಬುದನ್ನು ಮರೆಯಬಾರದು. ಗ್ರಾಮಗಳನ್ನು ಉಳಿಸಿಕೊಳ್ಳಬೇಕಾದ ರಾಜ ತನ್ನ ಛತ್ರಗಳನ್ನು ತುಸು ಹೆಚ್ಚಾಗಿಯೇ ಹೊಗಳಿರಬಹುದು. ಆದರೂ ಎಣ್ಣೆ ಸ್ನಾನದ ದಿನ, ಬಾಣಂತನದ ತಿಂಗಳು ಇಂಥವು ಸುಮ್ಮನೆ ಹೊಗಳಿಕೆಗೆ ಹುಟ್ಟುವ ವಿವರಗಳಲ್ಲ. ಖರ್ಚಿನ ಬಾಬತ್ತುಗಳನ್ನು ಬಲ್ಲವರು ಮಾತ್ರ ಹೀಗೆ ಬರೆಸಬಲ್ಲರು.

ಬಾಗಿಲಾಚೆ ನಿಂತವರು

ಎಲ್ಲರಿಗೂ ಅನ್ನ ಸಿಗುತ್ತಿತ್ತು ಎಂದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರು ಎಂದಲ್ಲ. ಬಹಳಷ್ಟು ಛತ್ರಗಳ ಒಳಾಂಗಣ ಒಂದು ಜಾತಿಗೆ ಮೀಸಲು, ಉಳಿದವರಿಗೆ ಹೊರಜಗಲಿ. ಅನ್ನದಾನ ಬ್ರಾಹ್ಮಣರಿಗೆ ಮಾತ್ರ ಎಂದು ದತ್ತಿಪತ್ರದಲ್ಲೇ ಬರೆದ ಛತ್ರಗಳೂ ಉಂಟು. ಅಸ್ಪೃಶ್ಯರೆಂದು ಕರೆಸಿಕೊಂಡವರಿಗೆ ಜಗಲಿಯೂ ಸಿಗುವ ಖಾತರಿ ಇರಲಿಲ್ಲ. ಬಾವಿಯಂತೂ ದೂರವೇ ಉಳಿಯಿತು.

ಈ ಬಾಗಿಲಾಚೆಯ ಅನುಭವವನ್ನು ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಆತ್ಮಕಥನಾತ್ಮಕ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾರೆ. 1901ರಲ್ಲಿ, ಬಾಲಕರಾಗಿದ್ದಾಗ, ಅವರು ಸತಾರಾದಿಂದ ತಂದೆ ಕೆಲಸದಲ್ಲಿದ್ದ ಕೋರೆಗಾಂವಿಗೆ ಅಣ್ಣನೇ ಮೊದಲಾದ ಮಕ್ಕಳೊಡನೆ ಹೊರಟರು. ಮಸೂರು ನಿಲ್ದಾಣದಲ್ಲಿ ಇಳಿದ ಮೇಲೆ, ಇವರು ಮಹಾರರೆಂದು ತಿಳಿದು ಗಾಡಿಯವರು ಬರಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕೆಂಬ ಕರಾರಿನ ಮೇಲೆ ಒಬ್ಬ ಒಪ್ಪಿದ. ರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದಾಗ ಮಕ್ಕಳ ಹತ್ತಿರ ಬುತ್ತಿ ತುಂಬ ಊಟವಿತ್ತು. ಆದರೆ ಕುಡಿಯಲು ನೀರಿರಲಿಲ್ಲ. ಗಾಡಿಯವನ ಸಲಹೆಯಂತೆ ಮುಸಲ್ಮಾನರೆಂದು ಹೇಳಿಕೊಂಡು ಕೇಳಿದರೂ ಸುಂಕದವನು ನೀರು ಕೊಡಲಿಲ್ಲ. ಊಟ ಪಕ್ಕದಲ್ಲೇ ಇದ್ದರೂ ನೀರಿಲ್ಲದ ಕಾರಣ ಅವರು ಹಸಿದೇ ಮಲಗಿದರು.

1917ರಲ್ಲಿ, ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗಲೂ ಅವರಿಗೆ ತಂಗಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹತ್ತಾರು ಜನ ಬಂದು ಹೊರಡಿಸಿದರು. ಪದವಿಗಳನ್ನು ಪಡೆದವರಿಗೂ ಬಾಗಿಲು ತೆರೆಯಲಿಲ್ಲ.

ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿ, ಅದರ ಬೆನ್ನಿಗೆ ಬಂದ 1955ರ ಕಾಯ್ದೆ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತವೆ. ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಕರೆಯಲಾಗುವ ಆ ಕಾನೂನು ಬಾವಿ, ಕೆರೆಗಳ ಜೊತೆಗೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಹೆಸರು ಹಿಡಿದೇ ಹೇಳುತ್ತದೆ. ಬಳ್ಳಿಗಾವಿಯ ಕಲ್ಲಿನಲ್ಲಿ ಕಂಡ ಅದೇ ವಿವೇಕ ಇಲ್ಲಿಯೂ ಇದೆ. ‘ಎಲ್ಲರೂ’ ಎಂದರೆ ಸಾಲದು, ಬಿಟ್ಟುಹೋಗುವವರು ಯಾರೆಂದು ನೋಡಿ ಬರೆಯಬೇಕು.

ರೈಲು ಬಂದ ಮೇಲೆ

1864ರಲ್ಲಿ ಬೆಂಗಳೂರು-ಜೋಲಾರಪೇಟೆ ನಡುವೆ ರೈಲು ಓಡಿತು. 1914ರಲ್ಲಿ ಪಾಂಬನ್ ಸೇತುವೆಯಾಗಿ ರಾಮೇಶ್ವರಕ್ಕೂ ರೈಲು ಮುಟ್ಟಿತು. ವಾರಗಟ್ಟಲೆ ನಡೆಯುತ್ತಿದ್ದವರು ದಾರಿಯ ಹಳ್ಳಿಗಳನ್ನು ಕಿಟಕಿಯಿಂದ ನೋಡುತ್ತ ಸಾಗಿದರು. ಛತ್ರಗಳೂ ರೈಲು ನಿಲ್ದಾಣವನ್ನು ಹುಡುಕಿಕೊಂಡು ಬಂದವು. ಬೆಂಗಳೂರಿನ ನಿಲ್ದಾಣದ ಹತ್ತಿರ 1903ರಲ್ಲಿ ಆರಂಭವಾದ ಗುಬ್ಬಿ ತೋಟದಪ್ಪನವರ ಛತ್ರ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ವ್ಯಾಪಾರದಲ್ಲಿ ಗಳಿಸಿದ್ದನ್ನು ತೋಟದಪ್ಪನವರು ಪ್ರಯಾಣಿಕರ ವಸತಿಗೆ ಮತ್ತು ವಿದ್ಯಾರ್ಥಿಗಳ ನಿಲಯಕ್ಕೆ ವಿನಿಯೋಗಿಸಿದರು.

ಹಳ್ಳಿಯ ಛತ್ರಗಳಿಗೆ ಅತಿಥಿಗಳು ಬರುವುದು ನಿಂತಿತು. ಕೆಲವು ಶಾಲೆಗಳಾದವು. ತಂಜಾವೂರು ಸೀಮೆಯ ತಿರುವೈಯಾರಿನ ಛತ್ರದಲ್ಲಿ 1881ರಲ್ಲಿ ಸಂಸ್ಕೃತ ಕಾಲೇಜು ಆರಂಭವಾಯಿತು. ಅನಾಥ ಮಕ್ಕಳಿಗೆ ಪಾಠ ಹೇಳಿಸುತ್ತಿದ್ದ ಪರಂಪರೆಗೆ ಇದು ಹೊಂದುವಂಥದೇ. ಇನ್ನು ಕೆಲವು ಗೋದಾಮುಗಳಾದವು. ಹಲವು ಕಡೆ ಗದ್ದೆ ಯಾರದೋ ಪಾಲಾಗಿ, ಕಂಬಸಾಲು ಮಾತ್ರ ರಸ್ತೆ ಬದಿಯಲ್ಲಿ ಉಳಿಯಿತು. ಅನುಕೂಲವಂತರಿಗೆ ಪ್ರವಾಸಿ ಬಂಗಲೆ, ಉಳಿದವರಿಗೆ ಹೋಟೆಲು ಬಂದವು. ದುಡ್ಡು ಕೊಟ್ಟು ಉಳಿಯುವ ಈ ಪದ್ಧತಿಯಿಂದ ಆದ ಲಾಭವನ್ನೂ ಹೇಳಬೇಕು. ಅತಿಥಿ ಗಿರಾಕಿಯಾದಾಗ ಅವನ ಕುಲಗೋತ್ರಕ್ಕಿಂತ ಅವನ ಜೇಬು ಮುಖ್ಯವಾಯಿತು. ಆದರೆ ಜೇಬು ಖಾಲಿಯಿದ್ದವನಿಗೆ ನಡುರಾತ್ರಿಯ ಗಂಟೆ ಬಾರಿಸುವವರು ಇಲ್ಲವಾದರು.

ಕಾಲ್ನಡಿಗೆ ಉಳಿದಿರುವ ಕಡೆ ಹಳೆಯ ಸತ್ಕಾರವೂ ಉಳಿದಿದೆ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಸಾವಿರಾರು ಮಂದಿ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿದ್ದಾರೆ. ಈ ದಾರಿಗಳ ಊರವರು ಪೆಂಡಾಲು ಹಾಕಿ ನೀರು, ಮಜ್ಜಿಗೆ, ಹಣ್ಣು, ಊಟ ಕೊಡುತ್ತಾರೆ. ಬೊಬ್ಬೆ ಬಂದ ಪಾದಗಳಿಗೆ ಔಷಧ ಹಚ್ಚುತ್ತಾರೆ. ಹಳೆಯ ಕನ್ನಡದ ‘ಅರವಟ್ಟಿಗೆ’ ಎಂಬ ಮಾತಿಗೆ ಇಂದಿಗೂ ಅರ್ಥ ಇರುವುದು ಇಂಥಲ್ಲಿ. ಅಲ್ಲೂ ಹಿಂದಿನ ರಾತ್ರಿಯೇ ಅಕ್ಕಿ ಹೊಂದಿಸಿದವರು, ಸೌದೆ ತಂದವರು, ಯಾರು ಎಷ್ಟು ಹೊತ್ತಿನ ತನಕ ನಿಲ್ಲಬೇಕೆಂದು ಸರದಿ ಗೊತ್ತುಮಾಡಿದವರು ಇರುತ್ತಾರೆ. ನಡೆದು ದಣಿದವನಿಗೆ ಕಾಣುವುದು ಮಜ್ಜಿಗೆಯ ಲೋಟ ಮಾತ್ರ. ಆ ಲೋಟ ಕೊನೆಯಲ್ಲಿ ಬಂದವನ ಕೈಗೂ ಸಿಗುವುದು ಯಾರೋ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರಿಂದ.